ಚಿಗವ್ವನ ಕಿವಿಯ ಹಿಂದೆ ಹರಿದ ನೀರು

ಇಂಡಿ ಸಮೀಪದ ಕಾಕಾನ ಲಿಂಬಿ ತೋಟದಲ್ಲಿ, ನೆಲದೊಳಗಿನ ಪೈಪ್‌ಲೈನನ್ನು ನಾವು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಗೆದು ನೋಡಿದೆವು. ಅದು ಎಲ್ಲೂ ಒಡೆದಿರಲಿಲ್ಲ. ಇಷ್ಟನ್ನು ಮನೆಯವರೆಲ್ಲ ಒಪ್ಪುತ್ತಾರೆ. ಅದರ ಹಿಂದಿನದು, ಮುಂದಿನದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಕಾಕಾ ಹೇಳುವುದು ಒಂದು ಬಗೆ. ಮುದ್ದೇಬಿಹಾಳಕ್ಕೆ ಕೊಟ್ಟಿರುವ ಅವರ ಮಗಳು, ನನ್ನ ತಂಗಿ, ಹೇಳುವುದು ಇನ್ನೊಂದು ಬಗೆ. ನನ್ನದು ಮೂರನೆಯದು. ಅದು ಉಳಿದೆರಡಕ್ಕಿಂತ ಹೆಚ್ಚು ನಿಜವೆಂದು ನಾನು ಆಣೆ ಮಾಡುವುದಿಲ್ಲ. ಚಿಗವ್ವನನ್ನೇ ಕೇಳಿದರೆ, “ಆಗಿದ್ದು ಆಗಿ ಹೋತು, ಅದನ್ನೇನ ಬರಿತಿ ತಮ್ಮಾ” ಎನ್ನುತ್ತಾಳೆ.

ಚಿಗವ್ವ ಅಂದರೆ ಕಾಕಾನ ಹೆಂಡತಿ. ಅವಳಿಗೆ ನೀರು ಕೇಳಿಸುತ್ತಿತ್ತು. ಇದರಲ್ಲಿ ದೈವದ ಮಾತೇನಿಲ್ಲ, ಅದೊಂದು ರೂಢಿ. ನಮ್ಮ ಕಡೆಯ ಕರಿ ಮಣ್ಣಿನಲ್ಲಿ ಪೈಪು ಒಡೆದರೆ ನೀರು ಮೇಲಕ್ಕೆ ಬಂದು ಹೇಳುವುದಿಲ್ಲ. ಬೇಸಿಗೆಯಲ್ಲಿ ಬಿರಿದ ನೆಲ ಎಷ್ಟು ಬಂದರೂ ಕುಡಿದು ಸುಮ್ಮನಿರುತ್ತದೆ. ತೋಟದ ಕೊನೆಯ ಸಾಲಿನ ಡ್ರಿಪ್ಪು ತೊಟ್ಟಿಕ್ಕುವುದು ನಿಂತಾಗಲೇ ಎಲ್ಲೋ ಒಡೆದಿದೆ ಎಂದು ಗೊತ್ತಾಗುವುದು. ಎಲ್ಲಿ ಎಂದು ಗೊತ್ತಾಗಬೇಕಾದರೆ ಕೇಳಬೇಕು. ಚಿಗವ್ವ ಕಬ್ಬಿಣದ ಹಾರೆಯ ಚೂಪು ತುದಿಯನ್ನು ಲೈನಿನ ಮೇಲಿನ ಮಣ್ಣಿಗೆ ಊರಿ, ಇನ್ನೊಂದು ತುದಿಗೆ ಕಿವಿಯ ಹಿಂದಿನ ಎಲುಬನ್ನು ಹಚ್ಚಿ ಕಣ್ಣು ಮುಚ್ಚುತ್ತಿದ್ದಳು. ಮಾರು ಮಾರು ಸರಿಯುತ್ತ ಹೋಗಿ ಒಂದು ಕಡೆ ನಿಂತು ಕಾಲಿನಿಂದ ಗೆರೆ ಎಳೆಯುತ್ತಿದ್ದಳು. ಅಲ್ಲಿ ಅಗೆದರೆ ಒಡಕು ಸಿಗುತ್ತಿತ್ತು. ನಾನೂ ಒಮ್ಮೆ ಹಾರೆಗೆ ಕಿವಿ ಹಚ್ಚಿ ನೋಡಿದ್ದೇನೆ. ತಣ್ಣಗಿನ ಕಬ್ಬಿಣ ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಅಕ್ಕಪಕ್ಕದ ತೋಟದವರು, “ಯಕ್ಕಾ, ಒಂದೀಟ ಬಂದ ಹೋಗ್ರಿ, ಲೈನಿನ್ಯಾಗ ಯಾಕೋ ನೀರ ಜೋರ ಬರವಲ್ದು” ಎಂದು ಕರೆಯಲು ಬರುತ್ತಿದ್ದರು. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿ ಹೊರಡುತ್ತಿದ್ದಳು. ಬಂದ ಮೇಲೆ ಅವಳ ನಡಿಗೆಯಲ್ಲಿ ಒಂದಿಷ್ಟು ಗತ್ತು ಇರುತ್ತಿತ್ತು. ಕಾಕಾ ಅದಕ್ಕೆ, “ನೀರಾವರಿ ಇಂಜಿನಿಯರ್ ಬಾಯಿಸಾಹೇಬ್ರು ಬಂದ್ರು, ದಾರಿ ಬಿಡ್ರಿ” ಎನ್ನುತ್ತಿದ್ದರು.

ಅಂಥವಳು ಒಂದು ದಿನ, “ಗ್ವಾಡಿ ಹಿಂದ ನೀರ ಸೋರಾಕತ್ತೈತಿ” ಅಂದಳು.

ತೋಟದ ಮನೆಯ ಹಿತ್ತಲ ಗೋಡೆಯ ಆಚೆಯೇ ಬೋರಿನಿಂದ ಬರುವ ದೊಡ್ಡ ಲೈನು. ಅನುಮಾನಪಡಲು ಯಾರಿಗೂ ಕಾರಣವಿರಲಿಲ್ಲ. ಕಾಕಾ ಮಾತ್ರ, “ಕರೆಂಟೇ ಇಲ್ಲ, ಮೋಟರ್ ಬಂದ್ ಐತಿ, ಎಲ್ಲಿಂದ ಸೋರತೈತಿ?” ಎಂದು ಕೇಳಿದರಂತೆ.

“ಬಂದ್ ಆದ ಮ್ಯಾಲೆ ಪೈಪಿನ್ಯಾಗಿನ ನೀರ ಹಿಂದಕ ಇಳೀತೈತಿಲ್ರಿ? ಅದು ಒಡಕಿನ್ಯಾಗ ಹಾದು ಹೊಂಟೈತಿ.”

“ಹೆಂಗ ಕೇಳಸ್ತೈತಿ?”

“ನಿಂತ ನಿಂತ ಹರೀತೈತಿ. ಶ್ಶೂ ಅಂತೈತಿ, ನಿಂದರತೈತಿ. ಮತ್ತ ಶ್ಶೂ ಅಂತೈತಿ.”

“ಹಂಗಾರ ಗಾಳಿ ಹಿಡದೈತಿ ಬಿಡು” ಅಂದರು ಕಾಕಾ. ಗಾಳಿ ಸಿಕ್ಕಿದ ಪೈಪಿನಲ್ಲಿ ನೀರು ಹಾಗೆಯೇ ತಡೆ ತಡೆದು ಹೋಗುತ್ತದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಕಾರಣ ಕೊಟ್ಟರು. ಎಲ್ಲ ಕಾರಣಗಳೂ ಸರಿಯಾಗಿಯೇ ಇದ್ದವು. ಹೊಲ ಬಲ್ಲವರು ಮಾತ್ರ ಮಾಡಬಹುದಾದ ತಪ್ಪು ಅದು. ಪೈಪಿನ ವಿಷಯ ಏನೂ ಗೊತ್ತಿಲ್ಲದ ಮನೆಯಾಗಿದ್ದರೆ ಅವಳನ್ನು ಮೊದಲೇ ಡಾಕ್ಟರರ ಹತ್ತಿರ ಕರೆದೊಯ್ಯುತ್ತಿದ್ದರೋ ಏನೋ.

ಜೆಸಿಬಿ ತರಿಸಿದರೆ ಲಿಂಬಿ ಗಿಡಗಳ ಬೇರು ಹರಿಯುತ್ತವೆಂದು ಕೈಯಲ್ಲೇ ಅಗೆಯುವುದಾಯಿತು. ನಾನು ಬಸವನ ಬಾಗೇವಾಡಿಯಲ್ಲಿ ಕಾಲೇಜು ಮೇಷ್ಟ್ರು. ರಜೆಗೆಂದು ಹೋದವನು ಸಲಿಕೆ ಹಿಡಿದೆ. ಪಕ್ಕದ ತೋಟದ ಗಂಡಸರೂ ಬಂದರು, ಅವರ ಲೈನುಗಳ ಒಡಕನ್ನೆಲ್ಲ ಹುಡುಕಿ ಕೊಟ್ಟವಳಲ್ಲವೆ. ಚಿಗವ್ವ ಹಾರೆ ಊರಿ ಕೇಳುವಳು, “ಇನ್ನೂ ಮುಂದ” ಎನ್ನುವಳು. ನಾವು ಮುಂದೆ ಅಗೆಯುವೆವು. ಮತ್ತೆ ಕೇಳುವಳು, “ಇನ್ನೂ ಮುಂದ.” ಒಣ ಹೆಂಟೆಗಳು ದಂಡೆಗೆ ಬೀಳುತ್ತಿದ್ದವು. ಎಲ್ಲೂ ಹಸಿ ಇಲ್ಲ. ನೀರು ಬಿಡುವ ಕೊನೆಯ ವಾಲ್‌ವರೆಗೆ ಬಂದು ನಿಂತಾಗ ನಮ್ಮ ಹಿಂದೆ ಉದ್ದಕ್ಕೂ ತೆರೆದ ಕಾಲುವೆ, ಅದರ ತಳದಲ್ಲಿ ಬಿಸಿಲಿಗೆ ಬಿಳಿಚಿಕೊಂಡ ಪೈಪು. ಎಲ್ಲೂ ಒಂದು ಹನಿ ಇರಲಿಲ್ಲ.

“ಹಂಡೆ ಬಂಗಾರ ಆದ್ರೂ ಸಿಗತೈತಿ ಅಂದ್ಕೊಂಡಿದ್ನಿ” ಅಂದರು ಕಾಕಾ. “ಅದೂ ಇಲ್ಲ.”

ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. ಹಾರೆಯನ್ನು ಗೋಡೆಗೆ ಆನಿಸಿಟ್ಟು ಒಳಗೆ ಹೋದಳು.

ಆಮೇಲೆ ಪಕ್ಕದ ತೋಟದವನ ಲೈನು ಒಡೆಯಿತು. ಅವನು ನಮ್ಮ ಮನೆಯ ಮುಂದಿನಿಂದಲೇ ಬೈಕಿನ ಮೇಲೆ ಹಾದು ಹೋಗಿ, ಪೇಟೆಯಿಂದ ಯಾರನ್ನೋ ಕರೆತಂದ. ಚಿಗವ್ವ ಕಟ್ಟೆಯ ಮೇಲೆ ಕುಳಿತು ಅದನ್ನು ನೋಡಿದಳು. ಆ ದಿನ ನಾನು ಅಲ್ಲಿರಲಿಲ್ಲ, ತಂಗಿ ಅವ್ವನಿಂದ ಕೇಳಿ ಫೋನಿನಲ್ಲಿ ಹೇಳಿದ್ದು. ಆದರೂ ಅವಳು ಕುಳಿತಿದ್ದ ಬಗೆ, ತಿರುಗಿ ನೋಡದೆ ಹೋದ ಬೈಕು, ಎಲ್ಲ ನನ್ನ ಕಣ್ಣಿಗೆ ಕಟ್ಟಿದಂತಿವೆ. ನೋಡದ್ದನ್ನು ಇಷ್ಟು ಸ್ಪಷ್ಟವಾಗಿ ನೋಡಬಲ್ಲ ಮನಸ್ಸನ್ನು, ನೋಡಿದ್ದರ ವಿಷಯದಲ್ಲಿ ಎಷ್ಟು ನಂಬಬೇಕು?

ಇಲ್ಲಿಂದ ಮುಂದೆ ಅವಳು ಮಾಡಿದ್ದು ನನ್ನ ಪಾಲಿಗೆ ಈ ಕಥೆಯ ಎಲ್ಲಕ್ಕಿಂತ ದೊಡ್ಡ ಭಾಗ. ಮುಂದೆ ಡಾಕ್ಟರರು ಮಾಡಿದ್ದಕ್ಕಿಂತ ಅದು ಒಂದು ಕೂದಲಿನಷ್ಟೂ ಕಡಿಮೆಯಲ್ಲ.

ಸಪ್ಪಳ ನಿಂತಿರಲಿಲ್ಲ. ಪೈಪಿನಲ್ಲಿ ಒಡಕಿಲ್ಲವೆಂದು ತನ್ನ ಕಣ್ಣಿನಿಂದಲೇ ನೋಡಿದ್ದಳು. ಅವಳು ಹೆದರಲಿಲ್ಲ ಎನ್ನಲಾರೆ. ಹೆದರಿದವಳು ಏನು ಮಾಡಿದಳೆಂಬುದನ್ನಷ್ಟೇ ಹೇಳಬಲ್ಲೆ. ಮಗಳನ್ನು ನೋಡಿ ಬರುತ್ತೇನೆಂದು ಮುದ್ದೇಬಿಹಾಳಕ್ಕೆ ಹೊರಟಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಯಾರೂ ಯಾಕೆ ಹೊರಟಿ ಎಂದು ಕೇಳುವುದಿಲ್ಲ. ಮಗಳದು ಮಹಡಿಯ ಮೇಲಿನ ಬಾಡಿಗೆ ಮನೆ. ಹೋದವಳೇ ನಳ ಎಲ್ಲಿದೆ, ನೀರಿನ ಟಾಕಿ ಎಲ್ಲಿದೆ ಎಂದು ನೋಡಿ, ಟಾಕಿಯ ವಾಲ್ ಬಂದ್ ಮಾಡಿಸಿದಳು.

“ಯವ್ವಾ, ನಳಾ ಬರೂದೇ ವಾರಕ್ಕೊಮ್ಮಿ. ಟಾಕ್ಯಾಗ ನೀರಿಲ್ಲ. ಏನ ಬಂದ್ ಮಾಡ್ಲಿ?”

“ಆದ್ರೂ ಬಂದ್ ಮಾಡ. ಸುಮ್ನ ಕುಂದ್ರ, ಮಾತಾಡಬ್ಯಾಡ.”

ಅಲ್ಲೂ ನೀರು ಹರಿಯಿತು. ತಂಗಿಯ ಪ್ರಕಾರ, ಆ ಮಧ್ಯಾಹ್ನ ಅವ್ವನ ತಲೆಗೆ ಎಣ್ಣೆ ಹಚ್ಚಿ ಬಾಚುವಾಗ ಕಿವಿಯ ಹಿಂದೆ ಬೆರಳಿಗೆ ಏನೋ ಮಿಡಿದಂತಾಯಿತು. ತನ್ನ ಕಿವಿ ಹಚ್ಚಿ ಕೇಳಿದಳು. ಅವಳಿಗೂ ಕೇಳಿಸಿತು. ಹಾಗಾಗಿ ಮೊದಲು ಕೇಳಿದ್ದು ತಾನು ಎನ್ನುತ್ತಾಳೆ. ಆದರೆ ಅದನ್ನು ಆಗ ಯಾರಿಗೂ ಹೇಳಲಿಲ್ಲವೇಕೆ ಎಂದರೆ, “ನನ್ನ ಕಿವೀನೂ ಅವ್ವನಂಗ ಹಾದಿ ತಪ್ಪಿತೇನೋ ಅಂದ್ಕೊಂಡ್ನಿ” ಎಂದಳು. ಇದನ್ನು ನಾನು ನಂಬುತ್ತೇನೆ. ನಮ್ಮ ಮನೆಯಲ್ಲಿ ಕಿವಿಯ ಮೇಲಿನ ನಂಬಿಕೆ ಆ ಹೊತ್ತಿಗೆ ಅಷ್ಟು ಕೆಟ್ಟಿತ್ತು.

ಅಲ್ಲಿಂದ ಚಿಗವ್ವ ನನ್ನ ಮನೆಗೆ, ಬಸವನ ಬಾಗೇವಾಡಿಗೆ ಬಂದಳು. ಚಹಾ ಕುಡಿಯುತ್ತ, “ನಿಮ್ಮ ಮನ್ಯಾಗ ಪೈಪ್ ಎಲ್ಲಿಂದ ಎಲ್ಲಿಗಿ ಹೋಗ್ಯಾವ?” ಎಂದು ಕೇಳಿದಳು. ತೋರಿಸಿದೆ. ಗೋಡೆಗೆ ಕಿವಿ ಕೊಟ್ಟಳು, ತೆಗೆದಳು. ತಲೆ ಅಲ್ಲಾಡಿಸಿದಳು.

“ಪೈಪ್ ಇಲ್ಲದ ಜಾಗಾ ಎಲ್ಲೈತಿ?”

“ಪೈಪ್ ಇಲ್ಲದ್ದು ಅಂದ್ರ?”

“ನಳಾ ಇಲ್ಲ, ಬಾವಿ ಇಲ್ಲ, ಬೋರ್ ಇಲ್ಲ, ಕಾಲುವಿ ಇಲ್ಲ. ಹಂತಾ ಕಡೆ ನನ್ನ ಒಯ್ದ ಕುಂಡ್ರಸ.”

ಹುಡುಕಿದರೆ ಈಗ ಅಂಥ ಜಾಗ ಸುಲಭಕ್ಕೆ ಸಿಗುವುದಿಲ್ಲ. ಮನಗೂಳಿ ರಸ್ತೆಯ ಕಡೆ ಸ್ಕೂಟರ್ ಮೇಲೆ ಕರೆದೊಯ್ದೆ. ಮಳೆಯನ್ನೇ ನಂಬಿದ ಒಂದು ಜೋಳದ ಹೊಲ ಸಿಕ್ಕಿತು. ಬದುವಿನ ಮೇಲೆ ಕುಳಿತಳು. ಗಾಡಿ ಬಂದ್ ಮಾಡು, ದೂರ ನಿಲ್ಲು ಎಂದಳು. ನಿಂತೆ. ಕಣ್ಣು ಮುಚ್ಚಿದಳು. ಹೆಬ್ಬೆರಳಿನಿಂದ ಕಿವಿಯ ಹಿಂದೆ ಒತ್ತಿದಳು, ಬಿಟ್ಟಳು, ಒತ್ತಿದಳು. ಆಮೇಲೆ ಒಂದು ಕೈಯಿಂದ ಇನ್ನೊಂದು ಕೈಯ ನಾಡಿ ಹಿಡಿದು ಬಹಳ ಹೊತ್ತು ಕುಳಿತಳು. ಜೋಳದ ಗರಿಗಳು ಒಂದಕ್ಕೊಂದು ತೀಡುತ್ತಿದ್ದವು.

“ಬಾ ಇಲ್ಲಿ” ಅಂದಳು. “ಒತ್ತಿದ್ರ ನಿಂದರತೈತಿ. ಬಿಟ್ರ ಹರೀತೈತಿ. ಕೈಯಾಗಿನ ನಾಡಿ ಹೆಂಗ ಬಡೀತೈತೋ ಹಂಗ ಹರೀತೈತಿ.” ನಾಡಿ ಬಿಟ್ಟು, “ಲೈನ್ ನನ್ನ ತಲ್ಯಾಗೈತಿ, ತಮ್ಮಾ. ನಾವು ಸುಮ್ಮನ ತೋಟಾ ಅಗದ್ವಿ” ಅಂದಳು.

ಈ ಮಾತನ್ನು ಬದುವಿನ ಮೇಲೆ ಅಂದಳೋ, ಹಿಂತಿರುಗುವಾಗ ಸ್ಕೂಟರಿನ ಹಿಂದೆ ಕುಳಿತು ನನ್ನ ಬೆನ್ನಿಗೆ ಅಂದಳೋ, ನನಗೀಗ ಖಚಿತವಿಲ್ಲ. ಎಷ್ಟು ಜನರಿಗೆ ಹೇಳಿದ್ದೇನೆಂದರೆ ಮಾತು ತನಗೆ ಒಪ್ಪುವ ಜಾಗದಲ್ಲಿ ತಾನೇ ಹೋಗಿ ಕುಳಿತಿದೆ. ಆದರೆ ಒತ್ತಿ, ಬಿಟ್ಟು, ನಾಡಿ ಹಿಡಿದದ್ದನ್ನು ನಾನು ನೋಡಿದ್ದೇನೆ. ಊರಿಂದ ಊರಿಗೆ ಹೋಗಿ, ಒಂದೊಂದೇ ಕಾರಣವನ್ನು ತೆಗೆದು ಹಾಕುತ್ತ ಬಂದು, ಕೊನೆಗೆ ಉಳಿದದ್ದನ್ನು ಒಪ್ಪಿಕೊಂಡದ್ದನ್ನು ನೋಡಿದ್ದೇನೆ. ತನ್ನ ವಿರುದ್ಧವೇ ಸಾಕ್ಷಿ ಹುಡುಕುತ್ತ ಬಸ್ಸು ಹತ್ತುವವರು ಕಡಿಮೆ.

ನನ್ನ ಸಹೋದ್ಯೋಗಿಯೊಬ್ಬರು ಸಿಂದಗಿಯವರು. ಅಲ್ಲಿ ಕಿವಿ ಮೂಗಿನ ಲೇಡಿ ಡಾಕ್ಟರ್ ಒಬ್ಬರಿದ್ದಾರೆ, ಸಮಾಧಾನದಿಂದ ನೋಡುತ್ತಾರೆ ಎಂದರು. ಮರುದಿನವೇ ದೇವರ ಹಿಪ್ಪರಗಿ ದಾಟಿ ಸಿಂದಗಿಗೆ ಹೋದೆವು. ಚಿಗವ್ವ ಡಾಕ್ಟರರ ಮುಂದೆ ಪೈಪಿನಿಂದ ಹಿಡಿದು ಜೋಳದ ಹೊಲದವರೆಗೆ ಎಲ್ಲ ಹೇಳಿದಳು. ಹೊರಗೆ ಸಾಲು ದೊಡ್ಡದಿತ್ತು. ಡಾಕ್ಟರು ನಡುವೆ ತಡೆಯಲಿಲ್ಲ. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಪರದೆ ಚೆನ್ನಾಗಿದೆ ಎಂದರು. ಆಮೇಲೆ ನಾನು ನಿರೀಕ್ಷಿಸದ ಒಂದು ಕೆಲಸ ಮಾಡಿದರು. ಎದ್ದು ಹೋಗಿ ಫ್ಯಾನ್ ಬಂದ್ ಮಾಡಿ, ಬಾಗಿಲು ಮುಚ್ಚಿ, ಎದೆ ನೋಡುವ ಸ್ಟೆತಸ್ಕೋಪನ್ನು ಚಿಗವ್ವನ ಕಿವಿಯ ಹಿಂದಿನ ಎಲುಬಿಗೆ ಇಟ್ಟರು.

ಕೇಳುತ್ತಲೇ ಇದ್ದರು. ಚಿಗವ್ವ ಅವರ ಮುಖವನ್ನೇ ನೋಡುತ್ತಿದ್ದಳು.

“ಅವ್ವಾರ, ನಿಮ್ಮ ಕಿವಿ ಸುಳ್ಳ ಹೇಳಿಲ್ಲ” ಅಂದರು ಡಾಕ್ಟರು. “ಸಪ್ಪಳ ಖರೇನ ಐತಿ. ನನಗೂ ಕೇಳಸಾಕತ್ತೈತಿ.”

ಸ್ಟೆತಸ್ಕೋಪಿನ ನಳಿಕೆಗಳನ್ನು ನನ್ನ ಕಿವಿಗೆ ಕೊಟ್ಟರು. ಶ್ಶೂ, ಶ್ಶೂ. ದೂರದ ತೋಟದಲ್ಲಿ ಯಾರೋ ವಾಲ್ ಬಿಟ್ಟಂತೆ. ತಲೆ ಎತ್ತಿ ನೋಡಿದರೆ ಚಿಗವ್ವನ ಕಣ್ಣಲ್ಲಿ ನೀರು. ರೋಗ ಇದೆ ಎಂದು ಗೊತ್ತಾದದ್ದಕ್ಕಲ್ಲ. ಇನ್ನೊಬ್ಬರಿಗೆ ಕೇಳಿಸಿತು ಎಂಬುದಕ್ಕೆ. ಕಾಕಾ ಈ ದೃಶ್ಯವನ್ನು ಹೇಳುವಾಗ ಸ್ಟೆತಸ್ಕೋಪು ಅವರ ಕಿವಿಯಲ್ಲಿರುತ್ತದೆ. ಅವರು ಆ ದಿನ ಸಿಂದಗಿಗೆ ಬಂದೇ ಇರಲಿಲ್ಲ. ನಾನು ತಿದ್ದಲು ಹೋಗಿಲ್ಲ. ಕೇಳಿಸಿಕೊಂಡವರ ಸಾಲಿನಲ್ಲಿ ತಾವೂ ಇರಬೇಕಿತ್ತು ಎಂದು ಅವರಿಗೆ ಅನ್ನಿಸಿದೆ, ಅಷ್ಟೇ.

ಸಿಂದಗಿಯ ಡಾಕ್ಟರು ತಡ ಮಾಡಬೇಡಿ ಎಂದರು. ವಿಜಯಪುರದಲ್ಲಿ ಎಂಆರ್‌ಐ ಆಯಿತು. ಅಲ್ಲಿಂದ ಸೊಲ್ಲಾಪುರದ ಒಂದು ದೊಡ್ಡ ಆಸ್ಪತ್ರೆ. ಇಂಡಿಯವರಿಗೆ ಕಾಯಿಲೆ ದೊಡ್ಡದಾದರೆ ಸೊಲ್ಲಾಪುರವೇ ಹತ್ತಿರ. ಅಲ್ಲಿ ಮೆದುಳಿನ ರಕ್ತನಾಳಗಳ ಡಾಕ್ಟರು, ನಡುವಯಸ್ಸಿನ, ಮರಾಠಿ ಬೆರೆತ ಕನ್ನಡದ ಮನುಷ್ಯ. ಆಂಜಿಯೋಗ್ರಾಂ ಎಂಬುದನ್ನು ಮಾಡಿದರು. ತೊಡೆಯ ಸಂದಿನ ನಾಳದೊಳಗಿಂದ ಬಣ್ಣದ ಔಷಧಿ ಬಿಟ್ಟು ತಲೆಯೊಳಗಿನ ಹರಿವನ್ನೆಲ್ಲ ಚಿತ್ರ ತೆಗೆಯುವುದು. ಮರುದಿನ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಕಾಕಾ, ತಂಗಿ, ನಾನು, ನಡುವೆ ಚಿಗವ್ವ.

ಅವರು ಹೇಳಿದ್ದು ಸುಮಾರಾಗಿ ಹೀಗೆ. ತಲೆಬುರುಡೆಯ ಒಳಗೆ, ಮೆದುಳಿನ ಹೊರಗೆ, ಒಂದು ಗಟ್ಟಿ ಹೊದಿಕೆ ಇದೆ. ಆ ಹೊದಿಕೆಗೂ ರಕ್ತ ಬೇಕು. ಹೃದಯದಿಂದ ಜೋರಾಗಿ ಬರುವ ನಾಳಗಳು ಸಣ್ಣ ಸಣ್ಣದಾಗಿ ಕವಲೊಡೆದು, ಜೋರನ್ನೆಲ್ಲ ಕಳೆದುಕೊಂಡು, ಆಮೇಲೆ ಹಿಂದಿರುಗುವ ನಾಳಗಳನ್ನು ಸೇರಬೇಕು. ಚಿಗವ್ವನ ಕಿವಿಯ ಹಿಂದೆ, ಹೊದಿಕೆಯ ಒಳಗೆ, ಜೋರಿನ ನಾಳವೊಂದು ನಡುವಿನ ಕವಲುಗಳನ್ನೆಲ್ಲ ಬಿಟ್ಟು ನೇರವಾಗಿ ಹಿಂದಿರುಗುವ ನಾಳಕ್ಕೇ ಬಾಯಿ ಹಚ್ಚಿದೆ. ಸಪ್ಪಳ ಅಲ್ಲಿಯದು. ಸಪ್ಪಳ ಮಾತ್ರವಾಗಿದ್ದರೆ ಕಾಯಬಹುದಿತ್ತು. ಆದರೆ ರಕ್ತ ಅಲ್ಲಿಂದ ಹಿಮ್ಮುಖವಾಗಿ ಮೆದುಳಿನದೇ ತೆಳು ನಾಳವೊಂದಕ್ಕೆ ನುಗ್ಗುತ್ತಿದೆ. ಆ ನಾಳ ಹಿಗ್ಗಿದೆ.

“ಮೇನ್ ಲೈನಿನ ಪ್ರೆಶರ್ ಡ್ರಿಪ್ಪಿನ ಪೈಪಿಗೆ ಬಿಟ್ಟಂಗ” ಅಂದಳು ಚಿಗವ್ವ.

ಡಾಕ್ಟರು ಪೆನ್ನು ಕೆಳಗಿಟ್ಟು, “ಹಾಂ, ಬರೋಬರ್” ಅಂದರು.

ಈ ಹೋಲಿಕೆಯ ಮೇಲೆ ನನಗೆ ಸಂಶಯವಿದೆ. ಇದು ಅತಿ ಹೊಂದುತ್ತದೆ. ತಂಗಿಯನ್ನು ಕೇಳಿದರೆ ಅದನ್ನು ಡಾಕ್ಟರೇ ಹೇಳಿದ್ದು, ಅವ್ವ ಹೂಂಗುಟ್ಟಿದಳು ಎನ್ನುತ್ತಾಳೆ. ಇರಬಹುದು. ಯಾರು ಹೇಳಿದ್ದಾದರೂ ಆ ಕೋಣೆಯಲ್ಲಿ ಆ ಮಾತಿನಿಂದ ಎಲ್ಲರಿಗೂ ಒಮ್ಮೆಲೇ ತಿಳಿಯಿತು. ಮುಂದಿನ ಪ್ರಶ್ನೆಯನ್ನು ಯಾರೂ ಕೇಳಬೇಕಾಗಲಿಲ್ಲ. ಡ್ರಿಪ್ಪಿನ ಪೈಪು ಎಷ್ಟು ದಿನ ತಡೆಯುತ್ತದೆ ಎಂಬುದು ಕಾಕಾನಿಗೆ ಗೊತ್ತು. ಅವರ ಮುಖ ಇಳಿಯಿತು.

“ಯಾಕ ಆತ್ರಿ ಇದು?” ಎಂದು ಕೇಳಿದರು. “ಕೊಡಾ ಹೊತ್ತು ಹೊತ್ತು ಆಗಿರಬೇಕೇನ್ರಿ?”

“ಕೊಡದ್ದೇನೂ ತಪ್ಪಿಲ್ಲ ಕಾಕಾ. ಬಹಳಷ್ಟು ಮಂದಿಗೆ ಯಾಕ ಬಂತು ಅಂತ ನಮಗೂ ಹೇಳಾಕ ಆಗೂದಿಲ್ಲ.”

ಗೊತ್ತಿಲ್ಲ ಎಂದ ಆ ಡಾಕ್ಟರ ಮೇಲೆ ನನಗೆ ಆ ಕ್ಷಣದಲ್ಲಿ ಗೌರವ ಹುಟ್ಟಿತು. ಉಪಾಯವನ್ನೂ ಹಾಗೇ ಬಿಚ್ಚಿಟ್ಟು ಹೇಳಿದರು. ತಲೆ ತೆರೆಯುವುದಿಲ್ಲ. ತೊಡೆಯಿಂದಲೇ ಕೂದಲೆಳೆಯಂಥ ನಳಿಕೆಯೊಂದನ್ನು ಮೇಲೇರಿಸಿ, ನಾಳಗಳು ಕೂಡಿಕೊಂಡ ಬಾಯಿಯವರೆಗೆ ಒಯ್ದು, ಅಲ್ಲಿ ಗಟ್ಟಿಯಾಗುವ ಒಂದು ದ್ರವವನ್ನು ಬಿಟ್ಟು ಮುಚ್ಚುವುದು. ಅಪಾಯವನ್ನೂ ಮುಚ್ಚಿಡಲಿಲ್ಲ. ದ್ರವ ಹೋಗಬಾರದ ಕವಲಿಗೆ ಹೋದರೆ ಮುಖ ವಾಲಬಹುದು, ಮಾತು, ಕಣ್ಣು ಕೆಡಬಹುದು. ಅದು ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಹಾಗೇ ಬಿಟ್ಟರೆ ಒಂದು ದಿನ ಆ ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರಬಹುದು.

“ಕಿವಿ?” ಅಂದಳು ಚಿಗವ್ವ.

“ಕಿವಿ ಅಂದ್ರ?”

“ಈ ಸಪ್ಪಳದ ಕೂಡ ಕೇಳೂದೂ ಹೋಗತೈತೇನ್ರಿ?”

ಕಾಕಾ ಸಿಡುಕಿದರು. “ಜೀವದ ಮಾತು ನಡದೈತಿ, ಕಿವಿ ಹಿಡ್ಕೊಂಡ ಕುಂತಾಳ ನೋಡ್ರಿ ಡಾಕ್ಟರ್ ಸಾಹೇಬ್ರ.”

“ನೀವು ಸುಮ್ನಿರ್ರಿ. ಜೀವಾ ಉಳದು ಕಿವಿ ಹೋದ್ರ ಕುಂತು ನಿಮ್ಮ ಬಾಯಿ ನೋಡ್ಲೇನು?”

ಡಾಕ್ಟರು ನಗಲಿಲ್ಲ. ಕೇಳುವ ನರ ಬೇರೆ ದಾರಿಯಲ್ಲಿದೆ, ಆದರೆ ದೂರವೇನಿಲ್ಲ. ಅದರ ಹತ್ತಿರದ ಕವಲುಗಳನ್ನು ಉಳಿಸಿಕೊಂಡೇ ಕೆಲಸ ಮಾಡುತ್ತೇನೆ. ತಲೆ ಮೇಲೆ ಕೈಯಿಟ್ಟು ಆಣೆ ಮಾಡಲಾರೆ, ಎಂದರು. ಚಿಗವ್ವ ಸ್ವಲ್ಪ ಹೊತ್ತು ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಆಮೇಲೆ, “ಆ ಚಿತ್ರ ಹರಿಯೂದ ಇನ್ನೊಮ್ಮಿ ತೋರಸ್ರಿ” ಎಂದಳು. ಅವರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಬೂದು ಪರದೆಯ ಮೇಲೆ ಕಪ್ಪು ಬಣ್ಣ ಬೇರಿನಂತೆ ಹಬ್ಬುತ್ತ ಬಂದು, ಒಂದು ಕಡೆ ಗಂಟು ಬಿದ್ದು, ಹೋಗಬೇಕಾದ ಹೊತ್ತಿಗಿಂತ ಮೊದಲೇ ದಪ್ಪ ನಾಳಕ್ಕೆ ಜಾರಿತು. ಅವಳು ಮತ್ತೆ ಮತ್ತೆ ನೋಡಿದಳು. ಸಪ್ಪಳದ ಜೊತೆ ಹೊಂದಿಸಿ ನೋಡುತ್ತಿದ್ದಳೇನೋ. ಪರದೆಗೆ ತಾಗದಂತೆ ಬೆರಳಿಟ್ಟು, “ಇಲ್ಲಿ” ಅಂದಳು.

“ಅಲ್ಲೇ” ಅಂದರು ಡಾಕ್ಟರು.

“ಮಾಡ್ರಿ ಹಂಗಾರ.”

ಕಾಕಾ ಆಮೇಲೆ ಹೊರಗೆ ಕಟ್ಟೆಯ ಮೇಲೆ ಕುಳಿತು ಇಷ್ಟು ದಿನ ಇತ್ತು, ಇನ್ನೂ ಇರಲಿ, ಎಲ್ಲಿಯಾದರೂ ದೇವರಿಗೆ ಹೇಳಿಕೊಳ್ಳೋಣ ಎಂದರು. ಚಿಗವ್ವ ಒಂದೇ ಮಾತು ಹೇಳಿದಳು, “ನೀವು ತೋಟಾ ಅಗ್ಯಾಕ ತಡಾ ಮಾಡಲಿಲ್ಲ. ಇದಕ್ಯಾಕ ತಡಾ ಮಾಡ್ತೀರಿ?” ಕಾಕಾ ಎದ್ದು ಚಹಾ ತರಲು ಹೋದರು.

ಚಿಕಿತ್ಸೆಯ ದಿನ ನನ್ನ ನೆನಪಿನಲ್ಲಿ ಹೆಚ್ಚು ಉಳಿದಿಲ್ಲ. ಉಳಿಯಬೇಕಾದ ದಿನ ಅದೇ, ಅದಕ್ಕೇ ಹೇಳುತ್ತಿದ್ದೇನೆ. ಕಾಯುವ ಕೋಣೆಯಲ್ಲಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ತಂಗಿ ಅವುಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿಟ್ಟಳು. ಯಾರದೋ ಫೋನಿನಲ್ಲಿ ಮರಾಠಿ ಭಜನೆ. ಇಷ್ಟೇ. ಆ ದಿನ ಏನಾಯಿತೆಂದು ನನಗೆ ಗೊತ್ತಿರುವುದೆಲ್ಲ ಆಮೇಲೆ ಡಾಕ್ಟರು ಹೇಳಿದ್ದು. ಅವರನ್ನು ಎರಡು ಮೂರು ಸಲ ಕೇಳಿ ಕಾಡಿದ್ದೇನೆ, ಬೇಸರಪಡದೆ ಹೇಳಿದರು.

ನಳಿಕೆ ತೊಡೆಯಿಂದ ಹೊಟ್ಟೆ, ಎದೆ, ಕುತ್ತಿಗೆ ದಾಟಿ ಮೇಲೇರುವುದಕ್ಕೇ ಬಹಳ ಹೊತ್ತು ಹಿಡಿಯಿತು. ಕಿವಿಯ ಹಿಂದಿನ ನಾಳ ಸುರುಳಿ ಸುರುಳಿಯಾಗಿತ್ತು. ಒಂದು ದಾರಿಯಿಂದ ಹೋಗಲಾಗದೆ ಹಿಂದೆ ಬಂದು, ಹೊದಿಕೆಗೇ ರಕ್ತ ಕೊಡುವ ಇನ್ನೊಂದು ನಾಳದಿಂದ ಹೋದರು. ಬಾಯಿಯ ಹತ್ತಿರ ತಲುಪಿದ ಮೇಲೆ ಅವಸರವೆಂಬುದೇ ಇಲ್ಲ. ಕಪ್ಪು ದ್ರವವನ್ನು ಒಂದು ಹನಿಯಷ್ಟು ಬಿಡುವುದು, ನಿಲ್ಲುವುದು. ಅದು ಗಟ್ಟಿಯಾಗುವವರೆಗೆ ಕಾಯುವುದು. ಚಿತ್ರ ತೆಗೆದು ನೋಡುವುದು. ದ್ರವ ಹಿಂದಕ್ಕೆ ಬರುತ್ತಿದ್ದರೆ ಇನ್ನೂ ಕಾಯುವುದು. ಮುಂದಕ್ಕೆ ಹೋಗುತ್ತಿದ್ದರೆ ಇನ್ನೊಂದು ಹನಿ. ಒಂದು ಹಂತದಲ್ಲಿ ಅದು ಕೇಳುವ ನರದ ಕಡೆಯ ಕವಲಿನತ್ತ ವಾಲಿತು. “ಅಲ್ಲಿ ನಿಂದರ್ಸಿದೆ. ಕೈ ಬಿಟ್ಟು ಕುಂತೆ. ನಿಮ್ಮ ಚಿಗವ್ವ ಕೇಳಿದ್ದು ನೆನಪಿತ್ತು” ಎಂದರು. ಕಾದ ಮೇಲೆ ದ್ರವ ತಾನೇ ಬೇರೆ ಕಡೆ ದಾರಿ ಹಿಡಿಯಿತು. ಕೊನೆಯ ಚಿತ್ರದಲ್ಲಿ ದಪ್ಪ ನಾಳ ತನ್ನ ಸರದಿ ಬಂದಾಗ ಮಾತ್ರ ತುಂಬಿತು, ಹಿಮ್ಮುಖದ ಹರಿವು ಇರಲಿಲ್ಲ.

ಮಾಡುವುದನ್ನು ಮೆಚ್ಚುವುದು ನಮಗೆ ರೂಢಿ. ಕೈಯಲ್ಲಿ ಬೀಗದ ಕೈ ಇರುವಾಗ ಸುಮ್ಮನೆ ಕುಳಿತಿರುವುದನ್ನು ಹೇಗೆ ಮೆಚ್ಚಬೇಕೋ ನನಗೆ ಇನ್ನೂ ಬರೆಯಲು ಬಂದಿಲ್ಲ. ಆ ಕೆಲಸದ ಬಹುಪಾಲು ಕಾಯುವುದೇ ಆಗಿತ್ತು. ತಪ್ಪಿದ ಹನಿಯನ್ನು ವಾಪಸು ತೆಗೆಯಲಾಗದು ಎಂದು ತಿಳಿದವರ ಕಾಯುವಿಕೆ.

ನಮ್ಮನ್ನು ಒಳಗೆ ಬಿಟ್ಟಾಗ ಚಿಗವ್ವನಿಗೆ ಎಚ್ಚರವಿತ್ತು. ಕಾಲು ಅಲುಗಿಸಬಾರದೆಂದು ನೇರ ಮಲಗಿಸಿದ್ದರು. ಡಾಕ್ಟರು ನಗು ಎಂದರು, ನಕ್ಕಳು. ಬಾಯಿ ಎರಡೂ ಕಡೆ ಸಮ ಎದ್ದಿತು. ಕೈ ಎತ್ತು ಎಂದರು, ಎತ್ತಿದಳು.

“ಸಪ್ಪಳ ಐತೇನ್ರಿ?”

ಅವಳು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಕೇಳಿದರು. ಆಗಲೂ ಇಲ್ಲ. ತಂಗಿ ನನ್ನ ತೋಳು ಹಿಡಿದಳು. ಕಾಕಾ ಬಾಗಿ, “ಏ, ಕೇಳಸ್ತೈತಿಲ್ಲೊ ನಿನಗ?” ಎಂದರು.

ಚಿಗವ್ವ ಒಂದು ಬೆರಳೆತ್ತಿದಳು. ತಡೀರಿ ಎಂಬಂತೆ. ಕಣ್ಣು ಮುಚ್ಚಿದಳು.

“ಮಷೀನ್ ಟಿಕ್ ಟಿಕ್ ಅನ್ನಾಕತ್ತೈತಿ” ಅಂದಳು. ಗಂಟಲಿನಲ್ಲಿ ನಳಿಕೆ ಹಾಕಿದ್ದರಿಂದ ದನಿ ಒಡೆದಿತ್ತು. “ಹೊರಗ ಯಾರೋ ಗಾಡಿ ತಳ್ಳಾಕತ್ತಾರ, ಒಂದ ಗಾಲಿ ಕಿರಗುಟ್ಟತೈತಿ. ನೀವು ಮೂಗಿಲೆ ಉಸರ ಬಿಡಾಕತ್ತೀರಿ.” ಇನ್ನೂ ಸ್ವಲ್ಪ ಹೊತ್ತು ಹುಡುಕಿದಳು. “ನೀರಿಲ್ಲ.”

ಡಾಕ್ಟರು ಅವಳ ತಲೆ ಮುಟ್ಟಿ ಹೊರಗೆ ಹೋದರು.

ಆಗ ಕಾಕಾ ಮೂಗು ಅರಳಿಸಿದರು. ಹಾಸಿಗೆಯ ಹತ್ತಿರ ಬಾಗಿ, ಮತ್ತೆ ಮೂಸಿ, ಮಗಳ ಕಡೆ ತಿರುಗಿದರು. “ಬಾಯಿಗೆ ಏನೂ ಹಾಕಬ್ಯಾಡ್ರಿ ಅಂದಿದ್ರಿಲ್ಲ? ಬಳ್ಳೊಳ್ಳಿ ಚಟ್ನಿ ತಿನ್ನಿಸಿದೇನ?”

“ನಾನ್ಯಾಕ ತಿನ್ನಸ್ಲಿ, ಯಪ್ಪಾ? ನಾನೂ ನಿಮ್ಮ ಕೂಡನ ಈಗ ಒಳಗ ಬಂದೇನಿ.”

“ಹಂಗಾರ ಈ ವಾಸನಿ?”

ವಾಸನೆ ನನಗೂ ಬಂತು. ಸುಟ್ಟ ಬೆಳ್ಳುಳ್ಳಿಯದು. ಕಾಕಾ ತಂಗಿಯ ಚೀಲ ಬಿಚ್ಚಿ ನೋಡಿದರು. ಚೀಲದಲ್ಲಿ ನಿಜವಾಗಿಯೂ ಬುತ್ತಿಯ ಜೊತೆ ಚಟ್ನಿಯ ಡಬ್ಬಿ ಇತ್ತು, ಅದರಿಂದ ಜಗಳ ಇನ್ನಷ್ಟು ಬೆಳೆಯಿತು. ಸಿಸ್ಟರ್ ಬಂದು ಅದು ಔಷಧಿಯ ವಾಸನೆ, ಆ ದ್ರವದ ಜೊತೆ ಬಿಡುವ ಮದ್ದು ಉಸಿರಿನಲ್ಲಿ ಹೀಗೆ ಬರುತ್ತದೆ, ಬೇಗ ಹೋಗುತ್ತದೆ ಎಂದ ಮೇಲೆ ತಣ್ಣಗಾಯಿತು. ಚಿಗವ್ವ ಮಲಗಿದಲ್ಲಿಂದಲೇ, “ಚಟ್ನಿ ವಾಸನಿ ಕುಡಿಸಿ ಉಪಾಸ ಕೆಡವ್ಯಾರ, ರೊಟ್ಟಿ ಯಾವಾಗ ಕೊಡತಾರ ಕೇಳು” ಎಂದಳು.

ಎಡಗಡೆ ಕೆನ್ನೆಯ ಒಂದಿಷ್ಟು ಜಾಗ ಕೆಲವು ವಾರ ಜೋಮು ಹಿಡಿದಂತೆ ಇತ್ತು. ನಿಧಾನಕ್ಕೆ ಬಿಟ್ಟಿತು. ಮನೆಗೆ ಬಂದ ಮೊದಲ ದಿನಗಳಲ್ಲಿ ಅವಳಿಗೆ ಸುಮ್ಮನಿರುವುದು ಒಗ್ಗಲಿಲ್ಲ, ಆಗಾಗ ಕಿವಿಯ ಹಿಂದೆ ಒತ್ತಿ ಬಿಟ್ಟು ನೋಡುತ್ತಿದ್ದಳು. ಕೆಲವು ತಿಂಗಳ ನಂತರ ಮತ್ತೆ ಆಂಜಿಯೋಗ್ರಾಂಗೆ ಸೊಲ್ಲಾಪುರಕ್ಕೆ ಕರೆದಿದ್ದರು. ಮುಚ್ಚಿದ್ದು ಮುಚ್ಚಿಯೇ ಇದೆಯೋ, ಬೇರೆ ಕಡೆ ಬಾಯಿ ತೆರೆದಿದೆಯೋ ನೋಡಬೇಕಿತ್ತು. ಆ ಸಲ ನಾನೂ ಚಿಗವ್ವ ಇಬ್ಬರೇ ಹೋಗಿದ್ದೆವು. ಡಾಕ್ಟರು ಚಿತ್ರವನ್ನು ಅವಳಿಗೇ ಮೊದಲು ತೋರಿಸಿದರು. ಎಲ್ಲೂ ಏನೂ ಇರಲಿಲ್ಲ. ಒಂದು ದಿನ ಇಟ್ಟುಕೊಂಡು ಕಳಿಸಿದರು.

ಇಂಡಿಯ ಬಸ್ಸು ತುಂಬಿತ್ತು. ಅವಳಿಗೆ ಕಿಟಕಿಯ ಹತ್ತಿರ ಸೀಟು ಸಿಕ್ಕಿತು, ನಾನು ಪಕ್ಕದಲ್ಲಿ. ಎರಡು ಸೀಟು ಮುಂದೆ ನಮ್ಮ ಊರ ಕಡೆಯ ಇಬ್ಬರು ಹೆಂಗಸರು. ಇಂಜಿನ್ನಿನ ಗದ್ದಲ, ಕಂಡಕ್ಟರನ ಕೂಗು. ಆ ಹೆಂಗಸರು ಒಮ್ಮೆ ತಿರುಗಿ ನೋಡಿ ತಲೆಗೆ ತಲೆ ಹಚ್ಚಿ ಏನೋ ಮಾತಾಡಿದ್ದು ನನಗೆ ಕಂಡಿತು. ಕೇಳಿಸಲಿಲ್ಲ.

ಚಿಗವ್ವ ನನ್ನ ಕಡೆ ನೋಡದೆ, ಮುಂದಿನ ಸೀಟಿನ ಸರಳು ಹಿಡಿದು ಸ್ವಲ್ಪ ಎದ್ದಳು.

“ಯವ್ವಾ, ತಲಿ ಆಪರೇಶನ್ ಖರೇನ ಆಗೈತಿ” ಎಂದು ಅವರಿಗೆ ಕೇಳುವಂತೆ ಹೇಳಿದಳು. “ಕೂದಲಾ ಯಾಕ ಬೋಳಸಿಲ್ಲ ಅಂತೀರೇನು? ತೊಡಿಯಾಗಿಂದ ಹೋಗಿ ಮಾಡ್ಯಾರ.”

ಇಬ್ಬರೂ ತಿರುಗಿ ನೋಡಿದರು. ಒಬ್ಬಳು ನಾಚಿ ಸೆರಗನ್ನು ಬಾಯಿಗೆ ಹಿಡಿದಳು. ಇನ್ನೊಬ್ಬಳು ಧ್ವನಿ ಎತ್ತರಿಸಿ, “ಅಲ್ಲಿಗಿ ಹೆಂಗ ಕೇಳಿಸ್ತಬೇ ನಿನಗ?” ಎಂದಳು.

“ಒದರಬ್ಯಾಡ” ಅಂದಳು ಚಿಗವ್ವ, ಕುಳಿತುಕೊಳ್ಳುತ್ತ. “ಮೆಲ್ಲಕ ಮಾತಾಡ್ರಿ, ನಡೀತೈತಿ.”